ಹಳೆಯ ಮನೆಯಲ್ಲಿ ಶನಿವಾರ, ಭಾನುವಾರ: ಮೇಲುಕೋಟೆಯೋ, ಆಗುಂಬೆಯೋ, ಚೆಟ್ಟಿನಾಡೋ, ತರಂಗಂಬಾಡಿಯೋ?

ಎರಡು ವರ್ಷದ ಹಿಂದಿನ ಮಾತು. ಒಂದು ಊರಿನ ಹಳೆಯ ಬಂಗಲೆಯಲ್ಲಿ ಶನಿವಾರ ರಾತ್ರಿಗೆ ರೂಮು ಹಿಡಿದೆವು. ಊರಿನ ಹೆಸರು ಬೇಡ ಬಿಡಿ. ಫೋಟೊದಲ್ಲಿ ತೊಟ್ಟಿ, ಮರದ ಕಂಬ, ತೂಗುಯ್ಯಾಲೆ ಎಲ್ಲ ಇತ್ತು. ಹೋಗಿ ನೋಡಿದರೆ ಅದೇ ಉಯ್ಯಾಲೆಯ ಮೇಲೆ ಮದುವೆಯಾಗಲಿರುವ ಒಂದು ಜೋಡಿ. ಎದುರಿಗೆ ಮೂರು ಕ್ಯಾಮೆರಾ, ತಲೆ ಮೇಲೆ ಡ್ರೋನು. ನಾವು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ‘ಮೇಡಂ, ಸ್ವಲ್ಪ ಆ ಕಡೆಯಿಂದ ಬನ್ನಿ, ಫೋಟೊದಲ್ಲಿ ಬರ್ತೀರಾ’ ಎಂದು ಒಬ್ಬ ಹುಡುಗ ಕೈ ಅಡ್ಡ ಹಿಡಿದ. ಹೊಗೆ ಬಿಡುವ ಯಂತ್ರ ನಿಂತಾಗ ರಾತ್ರಿ ಹತ್ತೂವರೆ. ‘ಇದಕ್ಕಿಂತ ಮೆಜೆಸ್ಟಿಕ್ಕೇ ವಾಸಿ ಕಣೆ’ ಅಂದಳು ಅಮ್ಮ.

ಅಲ್ಲಿಂದೀಚೆ ನಾನು ಇಂಥ ಮನೆ ಆರಿಸುವ ರೀತಿಯೇ ಬೇರೆ ಆಯಿತು. ಮೊದಲು ರೂಮು ನೋಡುತ್ತಿದ್ದೆ. ಈಗ ಜಗಲಿ ನೋಡುತ್ತೇನೆ. ಮಧ್ಯಾಹ್ನ ಊಟ ಮಾಡಿ ಕೂತರೆ ಸಂಜೆ ಕಾಫಿವರೆಗೆ ಏಳದೆ ಇರುವಂಥ ಜಾಗ ಆ ಮನೆಯಲ್ಲಿ ಇದೆಯಾ? ಅಲ್ಲಿ ಕೂತವರ ಕಣ್ಣಿಗೆ, ಕಿವಿಗೆ ಏನು ಬೀಳುತ್ತದೆ? ಶನಿವಾರ, ಭಾನುವಾರ ಅಂದರೆ ಲೆಕ್ಕಕ್ಕೆ ಎರಡು ದಿನ, ಕೈಗೆ ಸಿಗುವುದು ಒಂದೂವರೆ. ಅದರೊಳಗೆ ‘ನೋಡಲೇಬೇಕಾದ ಹತ್ತು ಜಾಗ’ ತುರುಕಿದರೆ ಮುಗೀತು, ಸೋಮವಾರ ಆಫೀಸಿನಲ್ಲಿ ತೂಕಡಿಕೆ.

ನಾನು ಬೆಂಗಳೂರಿನಿಂದ ಹೊರಡುವವಳು. ಜೊತೆಗೆ ಮಂಡಿ ನೋವಿರುವ ಅಮ್ಮ, ಎಲ್ಲಿ ಬೇಕಾದರೂ ಮಲಗುವ ಮನೆಯವರು, ‘ಅಲ್ಲಿ ನೆಟ್‌ವರ್ಕ್ ಇದೆಯಾ’ ಎಂದು ಮೊದಲು ಕೇಳುವ ಮಗಳು. ಈ ಮೂವರನ್ನೂ ಇಟ್ಟುಕೊಂಡು ನಾಲ್ಕು ಊರುಗಳನ್ನು ತೂಗಿ ನೋಡಿದ್ದೇನೆ. ನಮ್ಮ ಕಡೆಯ ಮೇಲುಕೋಟೆ, ಆಗುಂಬೆ, ತಮಿಳುನಾಡಿನ ಚೆಟ್ಟಿನಾಡು, ತರಂಗಂಬಾಡಿ.

ಮೇಲುಕೋಟೆ: ಛತ್ರದ ಜಗಲಿ

ಹತ್ತಿರದ್ದು ಇದು. ಬೆಂಗಳೂರಿನಿಂದ ಮೂರು ಗಂಟೆ ದಾರಿ, ಮೈಸೂರಿನಿಂದ ಅದರ ಅರ್ಧ. ನಮ್ಮ ಕಡೆ ‘ಪಾರಂಪರಿಕ ವಸತಿ’ ಅಂದರೆ ನಿಜವಾಗಿ ಛತ್ರವೇ ಅಲ್ವಾ? 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇದ್ದ ಊರು. ಅಂದಿನಿಂದ ಯಾತ್ರಿಕರು ಬರುತ್ತಲೇ ಇದ್ದಾರೆ. ಅವರಿಗೆಂದು ಮಠಗಳು, ಸಮುದಾಯಗಳು ಕಟ್ಟಿಸಿದ ಛತ್ರಗಳು ಬೀದಿ ಬೀದಿಯಲ್ಲಿವೆ. ಕೆಲವು ತಮ್ಮವರಿಗೆ ಮಾತ್ರ ಕೊಡುತ್ತವೆ, ಕೆಲವು ಎಲ್ಲರಿಗೂ. ಮೊದಲೇ ಫೋನ್ ಮಾಡಿ ಕೇಳಿ. ಬಾಗಿಲಿಗೆ ಹೋಗಿ ಕೇಳಿ ವಾಪಸು ಬರುವುದು ಮನಸ್ಸಿಗೆ ಕಷ್ಟ.

ರೂಮಿನಲ್ಲಿ ಏನಿರುತ್ತದೆ? ಒಂದು ಹಾಸಿಗೆ, ಒಂದು ಬಕೆಟ್ಟು, ಗೋಡೆಗೆ ನಾಲ್ಕು ಮೊಳೆ. ನಾವು ಹೋದ ಕಡೆ ಮ್ಯಾನೇಜರು ರಿಜಿಸ್ಟರ್ ತೆಗೆಯುವ ಮೊದಲು ಕೇಳಿದ್ದು, ‘ಬೀಗ ತಂದಿದ್ದೀರಾ?’

‘ಇಲ್ಲ ಸ್ವಾಮಿ.’

‘ಹಾಗಾದ್ರೆ ಕೆಳಗಡೆ ಅಂಗಡೀಲಿ ತಗೊಂಡ್ ಬನ್ನಿ, ಮುಚ್ಚೋ ಹೊತ್ತಾಯ್ತು.’

ಆ ಬೀಗ ಈಗಲೂ ನನ್ನ ಪ್ರಯಾಣದ ಚೀಲದಲ್ಲಿದೆ. ಛತ್ರಕ್ಕೆ ಹೋಗುವವರು ಬೀಗ, ಸೋಪು, ಬೆಡ್‌ಶೀಟು ಮನೆಯಿಂದಲೇ ಒಯ್ಯಬೇಕು.

ಈಗ ಜಗಲಿಯ ಮಾತು. ಶನಿವಾರ ಹಗಲು ಮೇಲುಕೋಟೆ ಸುಮ್ಮನಿರುವ ಊರಲ್ಲ. ಕಾರುಗಳು, ಕೋತಿಗಳು, ರಾಯಗೋಪುರದ ಹತ್ತಿರ ಫೋಟೊದವರು. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಊರು ಬಂದವರದು. ಆಮೇಲೆ ಊರಿನವರದು. ದಿನಕ್ಕೆ ಬಂದು ಹೋಗುವವರಿಗೆ ಕಾಣದಿರುವುದು ಈ ಎರಡನೆಯ ಊರು. ಏಳು ಗಂಟೆಗೆ ಬೀದಿ ಖಾಲಿ. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಅಜ್ಜಂದಿರು ಕಾಲು ಚಾಚಿಕೊಂಡು, ಯಾರದೋ ಜಮೀನಿನ ಕೇಸಿನ ಬಗ್ಗೆ ಮಾತಾಡುತ್ತಿದ್ದರು. ಬೆಳಗ್ಗೆ ಆರಕ್ಕೆ ಕಲ್ಯಾಣಿಗೆ ಇಳಿದರೆ ನೀರಿನಲ್ಲಿ ಬೆಟ್ಟದ ಮೇಲಿನ ನರಸಿಂಹನ ಗುಡಿ ತಲೆಕೆಳಗಾಗಿ ನಿಂತಿರುತ್ತದೆ, ಅಲುಗಾಡದೆ.

ಹಗಲಿನ ಗದ್ದಲದಿಂದ ತಪ್ಪಿಸಿಕೊಳ್ಳಬೇಕೆಂದರೆ ಕವಿ ಪುತಿನ ಅವರ ಮನೆಗೆ ಹೋಗಿ. ಸ್ಮಾರಕವಾಗಿ ಉಳಿಸಿದ್ದಾರೆ. ಬೆಟ್ಟ ಹತ್ತುವ ಜನದಲ್ಲಿ ನೂರಕ್ಕೊಬ್ಬರೂ ಆ ಕಡೆ ತಲೆ ಹಾಕುವುದಿಲ್ಲ. ಕೈಮಗ್ಗದ ಬಟ್ಟೆ ಬೇಕಿದ್ದರೆ ಜನಪದ ಸೇವಾ ಟ್ರಸ್ಟ್ ಇದೆ. ಪುಳಿಯೋಗರೆ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಆದರೆ ಮಧ್ಯಾಹ್ನಕ್ಕಿಂತ ಬೆಳಗಿನದೇ ಚೆನ್ನ ಅಂತ ನನ್ನ ಅಭಿಪ್ರಾಯ.

ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ಹೊತ್ತಿಗೆ ಹೋಗುವುದಾದರೆ ಉತ್ಸವಕ್ಕೆಂದೇ ಹೋಗಿ. ಆಗ ನೆಮ್ಮದಿ ಹುಡುಕಬೇಡಿ, ಕಾಲಿಡುವುದಕ್ಕೆ ಜಾಗ ಸಿಕ್ಕರೆ ಸಾಕು.

ಆಗುಂಬೆ: ಮಳೆ ನೋಡುವ ಜಗಲಿ

ಆಗುಂಬೆಗೆ ಸುಮಾರು 350 ಕಿ.ಮೀ. ಶುಕ್ರವಾರ ರಾತ್ರಿಯೇ ಬಸ್ಸು ಹತ್ತಬೇಕು. ಅಲ್ಲಿನ ದೊಡ್ಡಮನೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. 1980ರ ದಶಕದಲ್ಲಿ ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ಮನೆ. ನೂರು ವರ್ಷ ದಾಟಿದ ಕಟ್ಟಡ, ಮರದ ಕಂಬ, ಒಳಗೆ ತೆರೆದ ಅಂಗಳ. ಬಂದವರಿಗೆ ಇಷ್ಟೇ ಕೊಡಿ ಎಂದು ದರ ಕಟ್ಟದ ಮನೆ ಎಂದೇ ಅದಕ್ಕೆ ಹೆಸರು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಅದು ಹೋಟೆಲಲ್ಲ, ಸಂಸಾರ ಇರುವ ಮನೆ. ದುಡ್ಡು ಕೊಟ್ಟವರು ಅನ್ನುವ ಗತ್ತು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಹೇಳದೆ ಹೋಗಿ ನಿಲ್ಲಬೇಡಿ. ಊಟದ ಹೊತ್ತಿಗೆ ಊಟಕ್ಕೆ ಕೂರಿ. ಮೆನು ಕೇಳಬೇಡಿ. ದರ ಇಲ್ಲ ಎಂದರೆ ಕಡಿಮೆ ಕೊಡಿ ಎಂದಲ್ಲ. ಆಸುಪಾಸಿನ ಹೋಂಸ್ಟೇಯಲ್ಲಿ ಎಷ್ಟಾಗುತ್ತಿತ್ತೋ ನೋಡಿಕೊಂಡು ಮನಸ್ಸಿಟ್ಟು ಕೊಡಿ. ದರ ಬರೆದ ಹಲಗೆ ಇದ್ದರೇ ಸಮಾಧಾನ ಅನ್ನುವ ಸ್ವಭಾವ ನಿಮ್ಮದಾದರೆ, ತೀರ್ಥಹಳ್ಳಿ ಕಡೆ ದರ ಹೇಳುವ ಹಳೆಯ ಅಡಿಕೆ ಮನೆಗಳು ಬೇಕಾದಷ್ಟಿವೆ. ನನ್ನ ಅಮ್ಮನಿಗೆ ಈ ಎರಡನೆಯದೇ ಸರಿ. ‘ಎಷ್ಟು ಕೊಟ್ಟರೆ ಮರ್ಯಾದೆ’ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುವ ಹೆಂಗಸು ಅವಳು.

ಯಾವಾಗ ಹೋಗುವುದು? ಇದೇ ಇಲ್ಲಿಯ ದೊಡ್ಡ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಬೆಂಗಳೂರಿಗೆ ಹೆಚ್ಚುಕಡಿಮೆ 1,000 ಮಿ.ಮೀ. ಬಿದ್ದರೆ ನಮ್ಮ ಅಂಡರ್‌ಪಾಸ್‌ಗಳ ಗತಿ ಏನಾಗುತ್ತದೆ ಗೊತ್ತಲ್ಲ! ಆ ನೀರಿನ ಏಳು ಪಟ್ಟು. ಜುಲೈನಲ್ಲಿ ಹೋದರೆ ಹೊರಗೆ ಹೋಗುವ ಮಾತೇ ಇಲ್ಲ, ಆಚೆ ಕಾಲಿಟ್ಟರೆ ರಕ್ತ ಹೀರುವ ಇಂಬಳ. ಒಗೆದ ಬಟ್ಟೆ ಎರಡು ದಿನವಾದರೂ ಹಸಿ. ಬೆಂಕಿಕಡ್ಡಿ ಗೀರಿದರೆ ಮೂರಕ್ಕೆ ಒಂದು ಹತ್ತಿಕೊಳ್ಳುತ್ತದೆ. ಅಡುಗೆಮನೆಯ ಉಪ್ಪು ನೀರಾಗಿರುತ್ತದೆ.

ಆದರೂ ಸುಮ್ಮನೆ ಕೂರುವುದಕ್ಕಾದರೆ ನಾನು ಜುಲೈಯನ್ನೇ ಆರಿಸುತ್ತೇನೆ. ಮಲೆನಾಡಿನ ಅಂಗಳದ ಮನೆಯಲ್ಲಿ ಮಳೆ ಹೊರಗಡೆ ಮಾತ್ರ ಬೀಳುವುದಿಲ್ಲ, ಮನೆಯ ನಡುವೆಯೇ ಬೀಳುತ್ತದೆ. ನಾಲ್ಕೂ ಕಡೆಯ ಸೂರಿನಿಂದ ನೀರು ಹಗ್ಗ ಬಿಟ್ಟ ಹಾಗೆ ಇಳಿಯುತ್ತಿರುತ್ತದೆ. ಕಷಾಯದ ಲೋಟ ಹಿಡಿದು ಕಂಬಕ್ಕೆ ಒರಗಿ ಕೂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ಒಂದು ಗಂಟೆಯ ಹೊತ್ತು ಮಗಳು ಫೋನು ಮುಟ್ಟಲಿಲ್ಲ. ಸಿಗ್ನಲ್ ಇರಲಿಲ್ಲ ಅನ್ನುವುದು ಬೇರೆ ಮಾತು.

ಸೂರ್ಯಾಸ್ತ, ಕುಂದಾದ್ರಿ, ಜೋಗಿಗುಂಡಿ ಎಲ್ಲ ನೋಡಬೇಕೆಂದರೆ ನವೆಂಬರ್‌ನಿಂದ ಜನವರಿವರೆಗೆ ಹೋಗಿ. ಆಕಾಶ ಸ್ವಚ್ಛ ಇದ್ದ ಸಂಜೆ ಘಟ್ಟದ ಅಂಚಿನಿಂದ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ. ಆದರೆ ಆ ತಿಂಗಳ ಭಾನುವಾರ ಅಲ್ಲಿ ಜನವೋ ಜನ. ಉಡುಪಿ ಕಡೆಯಿಂದ ಬರುವವರಿಗೆ ಸೋಮೇಶ್ವರದಿಂದ ಮೇಲೆ 14 ತಿರುವುಗಳ ಘಾಟಿ. ವಾಂತಿ ಬರುವ ಮಕ್ಕಳಿದ್ದರೆ ನಿಂಬೆಹಣ್ಣು ಜೊತೆಗಿರಲಿ.

ನಡುವೆ ಒಂದು ಮಾತು: ಐಬಿ, ಅಂದರೆ ಪ್ರವಾಸಿ ಮಂದಿರ

‘ಇಷ್ಟೆಲ್ಲ ಯಾಕೆ, ಪ್ರವಾಸಿ ಮಂದಿರದಲ್ಲಿ ಉಳಿದುಕೊಳ್ಳಿ’ ಎಂದು ಸಲಹೆ ಕೊಡುವ ಒಬ್ಬ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ. ಮಾತು ಸುಳ್ಳಲ್ಲ. ತಾಲ್ಲೂಕು ಊರುಗಳ ಹಳೆಯ ಐಬಿಗಳ ಹಾಗೆ ಎತ್ತರದ ಸೂರು, ಅಗಲ ಜಗಲಿ, ಹಳೆಯ ಮಳೆಮರ ಯಾವ ಹೋಟೆಲಿಗೂ ಇಲ್ಲ. ಬಾಡಿಗೆಯೂ ಕಡಿಮೆ. ಆದರೆ ಅದು ಸರ್ಕಾರಿ ಕೆಲಸದ ಮೇಲೆ ಬಂದವರಿಗೆಂದು ಇರುವ ಮನೆ, ಉಳಿದರೆ ನಮಗೆ. ಒಮ್ಮೆ ನಾವು ಪೆಟ್ಟಿಗೆ ಬಿಚ್ಚಿ ಅರ್ಧ ಗಂಟೆಯಾಗಿತ್ತು. ಐಬಿ ನೋಡಿಕೊಳ್ಳುವ ಮೇಟಿ ಬಂದು ತಲೆ ಕೆರೆದುಕೊಂಡ. ‘ಅಮ್ಮಾವ್ರೆ, ಸಾಹೇಬ್ರು ಬರ್ತಾವ್ರಂತೆ.’ ಯಾವ ಸಾಹೇಬರೋ ಅವನಿಗೂ ಗೊತ್ತಿರಲಿಲ್ಲ. ರಾತ್ರಿ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಮಲಗಿದೆವು. ವಯಸ್ಸಾದವರನ್ನು ಕರೆದುಕೊಂಡು ಐಬಿ ನಂಬಿ ಹೋಗಬೇಡಿ.

ಚೆಟ್ಟಿನಾಡು: ತಿಣ್ಣೆಯ ತಂಪು

ಬೆಂಗಳೂರಿನ ಕನ್ನಡಿಗರು ಹಳೆಯ ಮನೆ ಎಂದರೆ ಪಶ್ಚಿಮಕ್ಕೇ ತಿರುಗುತ್ತೇವೆ. ಪೂರ್ವಕ್ಕೆ ಹೋಗುವ ಒಂದು ರೈಲನ್ನು ಮರೆಯುತ್ತೇವೆ. ಮೈಸೂರಿನಿಂದ ಹೊರಟು, ಸಂಜೆ ಬೆಂಗಳೂರು ದಾಟಿ ಮೈಲಾಡುತುರೈ ಕಡೆ ಹೋಗುವ ರಾತ್ರಿ ರೈಲು. ನಸುಕಿನಲ್ಲಿ ತಿರುಚ್ಚಿಯಲ್ಲಿ ಇಳಿದರೆ ಚೆಟ್ಟಿನಾಡು, ಇಳಿಯದೆ ಮೈಲಾಡುತುರೈವರೆಗೆ ಹೋದರೆ ತರಂಗಂಬಾಡಿ. ಕಾಯ್ದಿರಿಸಿದ ಸೀಟು ಇದ್ದರೆ ಮಲಗಿ ಎದ್ದರೆ ಊರು. ಒಂದೇ ಕೊರತೆ, ರೈಲಿನಲ್ಲಿ ಹೋದರೆ ಎರಡು ರಾತ್ರಿ ರೈಲಿನಲ್ಲೇ ಕಳೆಯುತ್ತವೆ. ಮನೆಯಲ್ಲಿ ಮಲಗುವುದು ಶನಿವಾರ ಮಾತ್ರ.

ತಿರುಚ್ಚಿಯಿಂದ ಚೆಟ್ಟಿನಾಡಿನ ಮುಖ್ಯ ಊರು ಕಾರೈಕುಡಿಗೆ ಸುಮಾರು 90 ಕಿ.ಮೀ. ನಮ್ಮ ತೊಟ್ಟಿಮನೆ ಕಂಡವರಿಗೆ ಚೆಟ್ಟಿಯಾರ್‌ಗಳ ಮನೆ ಅರ್ಥವಾಗುತ್ತದೆ. ಅಳತೆ ಮಾತ್ರ ಅರ್ಥವಾಗುವುದಿಲ್ಲ. ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ. ನಡುವೆ ತೊಟ್ಟಿಯ ಹಿಂದೆ ತೊಟ್ಟಿ. ನಗರತ್ತಾರ್ ಎಂದು ಕರೆಸಿಕೊಳ್ಳುವ ಈ ಲೇವಾದೇವಿಯ ಜನ ಬರ್ಮಾ, ಸಿಲೋನ್, ಮಲಯಾದಲ್ಲಿ ದುಡಿದ ದುಡ್ಡನ್ನು ಬರಡು ನೆಲದ ಈ ಹಳ್ಳಿಗಳಲ್ಲಿ ಮನೆ ಮಾಡಿ ಸುರಿದರು. ಬರ್ಮಾದ ತೇಗ, ಇಟಲಿಯ ಅಮೃತಶಿಲೆ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಬಿದ್ದಾಗ ವ್ಯವಹಾರವೂ ಬಿತ್ತು. ಮನೆಗಳು ಉಳಿದವು, ಬೀಗ ಹಾಕಿಕೊಂಡು. ಎಷ್ಟೋ ಮನೆ ಇಂದಿಗೂ ತೆರೆಯುವುದು ಮದುವೆಗೆ, ಪೊಂಗಲ್‌ಗೆ.

ಗೋಡೆಗೆ ಒಮ್ಮೆ ಬೆನ್ನು ಒರಗಿಸಿ ನೋಡಿ. ಸುಣ್ಣ, ಮೊಟ್ಟೆಯ ಬಿಳಿ, ಅಳಲೆಕಾಯಿ ಸೇರಿಸಿ ಪದರ ಪದರವಾಗಿ ಹಚ್ಚಿ ಉಜ್ಜಿದ ಗಾರೆ. ಹಾಲಿನ ಕೆನೆಯ ಹಾಗೆ ನುಣುಪು. ಹೊರಗೆ ಬಿಸಿಲು ಸುಡುತ್ತಿದ್ದರೂ ಬೆನ್ನಿಗೆ ತಣ್ಣಗೆ. ಅಮ್ಮ ಮೊಟ್ಟೆ ಎಂದು ಕೇಳಿದ ಮೇಲೆ ಒಂದು ಗೇಣು ಮುಂದೆ ಸರಿದು ಕೂತಳು. ಹತ್ತು ನಿಮಿಷ ಅಷ್ಟೆ. ಸೆಕೆ ತಡೆಯದೆ ಮತ್ತೆ ಒರಗಿದಳು.

ಉಳಿಯಲು ಇಲ್ಲಿ ಆಯ್ಕೆ ಜಾಸ್ತಿ, ಒಂದರಂತೆ ಇನ್ನೊಂದಿಲ್ಲ. ಊಟ ಮುಖ್ಯ ಅನ್ನುವವರಿಗೆ ಕಾರೈಕುಡಿಯ ‘ಬಂಗಳಾ’. ಅದು ಅರಮನೆಯಂಥ ಮನೆಯಲ್ಲ, ತೋಟದ ನಡುವಿನ ಬಂಗಲೆ. ಬಾಳೆಲೆ ಊಟಕ್ಕೆ ಹೆಸರು. ಉಳಿಯದಿದ್ದರೂ ಮೊದಲೇ ಹೇಳಿ ಊಟಕ್ಕೆ ಹೋಗಬಹುದು. ಮನೆ ಮುಖ್ಯ, ಮೌನ ಮುಖ್ಯ ಅನ್ನುವವರು ಕಾನಾಡುಕಾತ್ತಾನ್ ಹಳ್ಳಿಗೆ ಹೋಗಲಿ. ಅಲ್ಲಿಯ ‘ವಿಶಾಲಂ’ ಅಪ್ಪನೊಬ್ಬ ಮಗಳಿಗೆಂದು ಕಟ್ಟಿಸಿದ ಮನೆ. ಕೋತಮಂಗಲಂನ ‘ಶಾರದಾ ವಿಲಾಸ’ವೂ ಇದೇ ಸಾಲಿನದು. ಇವೆಲ್ಲ ಈಗ ಹೋಟೆಲುಗಳೇ. ಮೇಲುಕೋಟೆ ನೂರರ ಲೆಕ್ಕವಾದರೆ ಇವು ಸಾವಿರದ ಲೆಕ್ಕ. ಅದಕ್ಕೆ ತಕ್ಕಂತೆ ಬಚ್ಚಲು ರೂಮಿನೊಳಗೇ ಇರುತ್ತದೆ, ಕಮೋಡ್ ಇರುತ್ತದೆ. ಮಂಡಿ ನೋವಿನವರಿಗೆ ಇದು ಸಣ್ಣ ವಿಷಯವಲ್ಲ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಮಾಂಸದಡುಗೆಗೆ ಹೆಸರಾದ ಸೀಮೆಯಾದರೂ ವೆಳ್ಳೈ ಪಣಿಯಾರಂ, ಕಪ್ಪು ಅಕ್ಕಿಯ ಸಿಹಿ, ಅಕ್ಕಿ ತೊಳೆದ ನೀರಿನಲ್ಲಿ ಮಾಡುವ ‘ಮಂಡಿ’ ಎಲ್ಲ ನಮ್ಮದೇ ಬಾಯಿಗೆ ಮಾಡಿದ ಹಾಗಿರುತ್ತವೆ.

ಹೊರಗೆ ಹೋಗುವುದಾದರೆ ಒಂದೇ ಕಡೆ ಹೋಗಿ, ಅತ್ತಂಗುಡಿಗೆ. ಅಲ್ಲಿ ನೆಲದ ಹೆಂಚು ಕೈಯಲ್ಲೇ ಮಾಡುತ್ತಾರೆ. ಗಾಜಿನ ಹಲಗೆಯ ಮೇಲೆ ಚೌಕಟ್ಟು ಇಟ್ಟು, ಹೂವಿನ ಅಚ್ಚಿನ ಮನೆಗಳಿಗೆ ಬಣ್ಣದ ಸಿಮೆಂಟು ಸುರಿಯುತ್ತಾರೆ. ಅಚ್ಚು ಎತ್ತುವಾಗ ಬಣ್ಣ ಒಂದಕ್ಕೊಂದು ಕದಡಬಾರದು, ಅದೇ ಕೈಚಳಕ. ಮೇಲೆ ಮರಳು, ಸಿಮೆಂಟು ಒತ್ತಿ, ನೀರಿನಲ್ಲಿ ನೆನೆಹಾಕಿ ಹದ ಮಾಡುತ್ತಾರೆ. ಒಣಗಿದ ಮೇಲೆ ಗಾಜಿನಿಂದ ಬಿಡಿಸಿದರೆ ಗಾಜಿನದೇ ಹೊಳಪು. ಅಲ್ಲಿಂದ ವಾಪಸು ಬಂದ ಮೇಲೆ ಮನೆಯ ನೆಲವನ್ನು ಬೇರೆ ಕಣ್ಣಿನಲ್ಲಿ ನೋಡುತ್ತೀರಿ.

ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳಿಗೂ ಎಲ್ಲರೂ ಹೋಗು ಅನ್ನುತ್ತಾರೆ. ಹೋದೆ. ಎನಾಮಲ್ ಡಬ್ಬಿ, ಮರದ ಪೆಟ್ಟಿಗೆ, ಗೋಡೆಗೆ ಒರಗಿಸಿಟ್ಟ ಕೆತ್ತನೆಯ ಬಾಗಿಲುಗಳು. ಕೆಡವಿದ ಮನೆಗಳ ಬಾಗಿಲು ಅವು. ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮೊಟ್ಟೆಯ ಗಾರೆಯೂ ನಿಮ್ಮನ್ನು ಕಾಪಾಡಲಾರದು.

ತರಂಗಂಬಾಡಿ: ಸಮುದ್ರದ ಎದುರು

ಇದು ವಿಚಿತ್ರ ಊರು. 1620ರಲ್ಲಿ ಡೆನ್ಮಾರ್ಕಿನವರು ತಂಜಾವೂರಿನ ನಾಯಕರಿಂದ ಜಾಗ ಪಡೆದು ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1845ರಲ್ಲಿ ಬ್ರಿಟಿಷರಿಗೆ ಮಾರಿ ಹೋದರು. ಊರಿನ ಹಳೆಯ ಬೀದಿಗೆ ಈಗಲೂ ಕೋಟೆಬಾಗಿಲು ಇದೆ. ಅದರೊಳಗೆ ಹೊಕ್ಕರೆ ಎರಡು ಚರ್ಚು, ಒಂದಿಷ್ಟು ಹಳೆಯ ಬಂಗಲೆಗಳು, ಕೊನೆಗೆ ಕಡಲು. ಬೀದಿ ಮುಗಿಯುವಲ್ಲಿ, ಹಳೆಯ ಕಟ್ಟಡಗಳನ್ನು ಹೋಟೆಲು ಮಾಡುವ ನೀಮ್ರಾನಾ ಕಂಪನಿಯವರು ದುರಸ್ತಿ ಮಾಡಿದ ‘ಬಂಗಲೋ ಆನ್ ದ ಬೀಚ್’ ಹೋಟೆಲು. ಸುತ್ತ ಜಗಲಿ, ಒಂದು ಕಡೆ ಕೋಟೆ, ಇನ್ನೊಂದು ಕಡೆ ಸಮುದ್ರ.

ನೋಡುವುದು ಅರ್ಧ ದಿನಕ್ಕೆ ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ ಅದೇ ಇದರ ದೊಡ್ಡ ಗುಣ. ಜರ್ಮನಿಯ ಪಾದ್ರಿ ಜೀಗನ್‌ಬಾಲ್ಗ್ 1706ರಲ್ಲಿ ಇಲ್ಲಿಗೆ ಬಂದು ತಮಿಳು ಕಲಿತು, ತಮಿಳಿನಲ್ಲೇ ಬೈಬಲಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. ನಮ್ಮ ಕಿಟೆಲ್‌ಗಿಂತ ಒಂದೂವರೆ ಶತಮಾನ ಮೊದಲು. ದಂಡೆಯಲ್ಲಿ 14ನೇ ಶತಮಾನದ ಮಾಸಿಲಾಮಣಿನಾಥರ ಗುಡಿ ಇದೆ, ಅದರ ಮುಂಭಾಗವನ್ನು ಸಮುದ್ರ ನುಂಗಿದೆ.

ಮೌನ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಕಡಲು ಸುಮ್ಮನಿರುವುದಿಲ್ಲ. ರಾತ್ರಿಯೆಲ್ಲ ಮೊರೆತ. ಅದು ಕೆಲವರಿಗೆ ಜೋಗುಳ, ನನ್ನಂಥವರಿಗೆ ಮೊದಲ ರಾತ್ರಿ ಜಾಗರಣೆ. ಭಾನುವಾರ ಸಂಜೆ ಆಸುಪಾಸಿನ ಊರಿನವರೆಲ್ಲ ದಂಡೆಗೆ ಬರುತ್ತಾರೆ. ಆದರೆ ಆ ಹೊತ್ತಿಗೆ ನೀವು ವಾಪಸು ರೈಲು ಹತ್ತಿರುತ್ತೀರಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಅಲ್ಲಿ ಮಳೆ, ಒಮ್ಮೊಮ್ಮೆ ಚಂಡಮಾರುತ. ಜನವರಿ, ಫೆಬ್ರವರಿ ಸರಿ.

ಹಾಗಾದರೆ ಯಾವುದು?

ಕೈಯಲ್ಲಿ ದುಡ್ಡು ಕಡಿಮೆ, ಬೇಗ ತಲುಪಬೇಕು ಅಂದರೆ ಮೇಲುಕೋಟೆ, ಕಣ್ಣು ಮುಚ್ಚಿಕೊಂಡು. ಸೌಕರ್ಯ ಕೇಳಬೇಡಿ. ಇನ್ನೊಬ್ಬರ ಮನೆಯಲ್ಲಿ ಅವರ ರೀತಿಗೆ ಹೊಂದಿಕೊಳ್ಳುವ ಸ್ವಭಾವ ಇದ್ದರೆ ಆಗುಂಬೆ. ಅದಿಲ್ಲದವರು ಹೋದರೆ ಅವರಿಗೂ ಕಷ್ಟ, ಮನೆಯವರಿಗೂ ಕಷ್ಟ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಚೆಟ್ಟಿನಾಡು, ಖರ್ಚಾದರೂ ಪರವಾಗಿಲ್ಲ, ಕೆಳಗಿನ ರೂಮೇ ಕೇಳಿ. ಆ ಕಾಲದ ಮೆಟ್ಟಿಲು ಕಡಿದಾಗಿರುತ್ತವೆ. ಗಂಡ ಹೆಂಡತಿ ಇಬ್ಬರೇ, ಎರಡು ಪುಸ್ತಕ ಇದ್ದರೆ ಸಾಕು ಅನ್ನುವವರಿಗೆ ತರಂಗಂಬಾಡಿ. ಮಕ್ಕಳಿಗೆ ಅಲ್ಲಿ ಎರಡನೆಯ ದಿನ ಬೇಜಾರು.

ಎಲ್ಲಿಗಾದರೂ ಸರಿ, ಬುಕ್ ಮಾಡುವ ಮುಂಚೆ ಫೋನಿನಲ್ಲಿ ಮಾತಾಡಿ. ಆ ಶನಿವಾರ ಮದುವೆ, ಫೋಟೊ ಶೂಟು, ಆಫೀಸಿನ ಗುಂಪು ಏನಾದರೂ ಇದೆಯಾ ಎಂದು ನೇರವಾಗಿ ಕೇಳಿ. ‘ಇಲ್ಲ’ ಎಂದು ತಕ್ಷಣ ಹೇಳಿದರೆ ನಂಬಬಹುದು. ‘ಸಣ್ಣ ಫಂಕ್ಷನ್ ಮೇಡಂ, ನಿಮಗೇನೂ ತೊಂದರೆ ಇಲ್ಲ’ ಅಂದರೆ ಫೋನ್ ಇಟ್ಟುಬಿಡಿ. ರೈಲಿನವರು ಇನ್ನೊಂದು ಕೇಳಬೇಕು. ನಾವು ಬೆಳಗ್ಗೆಯೇ ಬರುತ್ತೇವೆ, ರೂಮು ಮಧ್ಯಾಹ್ನ ಕೊಟ್ಟರೂ ಸರಿ, ಮುಖ ತೊಳೆದು ಜಗಲಿಯಲ್ಲಿ ಕೂರಬಹುದಾ? ಇದಕ್ಕೆ ಬರುವ ಉತ್ತರದಲ್ಲೇ ಆ ಮನೆಯ ಅರ್ಧ ಗುಣ ಗೊತ್ತಾಗುತ್ತದೆ.

ಚೆಟ್ಟಿನಾಡಿಗೆ ಹೋಗುವವರು ತಿರುಚ್ಚಿಗೆ ಅಲಾರಂ ಇಟ್ಟುಕೊಳ್ಳಿ, ಒಂದಲ್ಲ, ಎರಡು. ನಾವು ಕೂಗಿ ಕರೆದು ಇಳಿದೆವು, ನಮ್ಮ ಮನೆಯವರು ಬೇರೆ ಬೋಗಿಯಲ್ಲಿದ್ದರು. ಅವರಿಗೆ ಎಚ್ಚರವಾದದ್ದು ತಂಜಾವೂರಿನಲ್ಲಿ. ಬೀಗದ ಚೀಲವೂ ಅವರ ಹತ್ತಿರವೇ ಇತ್ತು.